ಒಂದೂವರೆ ನಿಮಿಷದ ದಿಬ್ಬಣ

ನಮ್ಮ ಪಕ್ಕದ ಮನೆಯ ಧರ್ಮಪ್ಪನವರು ವಿಮಾನ ಹತ್ತಿದವರಲ್ಲ, ಹತ್ತಬೇಕೆಂಬ ಆಸೆಯೂ ಅವರಿಗಿರಲಿಲ್ಲ. ಅಂಥವರು ಭದ್ರಾವತಿಗೆ ಒಂದು ವಿಮಾನ ನಿಲ್ದಾಣ ಬೇಕೇ ಬೇಕು ಎಂದು ಪಟ್ಟು ಹಿಡಿದು ಕೂತದ್ದಕ್ಕೆ ಕಾರಣ ಶಿವಮೊಗ್ಗದ ಬೀಗರು ಮಾಡಿದ ಒಂದು ಫೋನು.

ಧರ್ಮಪ್ಪನವರ ಇಡೀ ಸರ್ವಿಸು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕಳೆದಿತ್ತು. ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಬಂದರು, ಯಾರು ಶಿಫ್ಟು ಮುಗಿಯುವ ಮೊದಲೇ ಜಾರಿಕೊಂಡರು ಎಂದು ನೋಡುವುದೇ ಕೆಲಸ. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಹಿಡಿಯಲು ಕಾರ್ಮಿಕರು ಸಿಗದೆ, ಹಾಲಿನವನನ್ನು, ಪೇಪರಿನವನನ್ನು, ಶಾಲೆಗೆ ಹೊರಟ ನನ್ನನ್ನು ಹಿಡಿಯುತ್ತಿದ್ದರು. "ಮೇಷ್ಟ್ರೇ, ಇವತ್ತು ಲೇಟು!" ಎಂಬ ಅವರ ಆಶೀರ್ವಾದವಿಲ್ಲದೆ ನಾನು ಗೇಟು ದಾಟಿದ ದಿನವಿಲ್ಲ. ಇಂಥ ಮನುಷ್ಯನ ಮಗ ಭೀಮೇಶ ಮಾತ್ರ ಬಂಗಾರದಂಥ ಹುಡುಗ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಅವನಿಗೆ ಶಿವಮೊಗ್ಗ ವಿನೋಬನಗರದ ರಂಗಪ್ಪನವರ ಒಬ್ಬಳೇ ಮಗಳು ಕವನ ಗೊತ್ತಾಗಿ, ನಿಶ್ಚಿತಾರ್ಥವೂ ಆಗಿತ್ತು.

ರಂಗಪ್ಪನವರದು ದುರ್ಗಿಗುಡಿಯಲ್ಲಿ ಮೊಳೆ, ಬೀಗ, ಬಣ್ಣ ಮಾರುವ ಅಂಗಡಿ. ಮೈಸೂರಿನಿಂದ, ಹುಬ್ಬಳ್ಳಿಯಿಂದ ಬಂದ ಒಳ್ಳೊಳ್ಳೆಯ ಸಂಬಂಧಗಳನ್ನು ಅವರು 'ದೂರ ಆಯ್ತು' ಎಂಬ ಒಂದೇ ಮಾತಿನಲ್ಲಿ ವಾಪಸು ಕಳಿಸಿದ್ದರು. ಮಗಳನ್ನು ಕಂಡರೆ ಅಷ್ಟು ಜೀವ. ಭದ್ರಾವತಿಯ ಹುಡುಗ ಎಂದಾಗ ಜಾತಕವನ್ನೂ ಸರಿಯಾಗಿ ನೋಡದೆ ಒಪ್ಪಿಕೊಂಡರಂತೆ.

ಮದುವೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಜಿಲ್ಲೆಗೆ ವಿಮಾನ ನಿಲ್ದಾಣ ಬರುತ್ತದೆ ಎಂದು ಪೇಪರಿನಲ್ಲಿ ಸುದ್ದಿ ಬಂತು. ಅವತ್ತು ಬೆಳಿಗ್ಗೆಯೇ ರಂಗಪ್ಪನವರ ಫೋನು.

"ಬೀಗ್ರೆ, ಪೇಪರ್ ನೋಡಿದ್ರಾ? ಶಿವಮೊಗ್ಗ ಏರ್‌ಪೋರ್ಟ್ ಅಂತ ದಪ್ಪಕ್ಷರದಲ್ಲಿ ಹಾಕಿದಾರೆ! ನಿಮ್ಮೂರಲ್ಲಿ ಕಾರ್ಖಾನೆ ಸೈರನ್ ಬಿಟ್ರೆ ಇನ್ನೇನಿದೆ ಹೇಳಿ. ಇರ್ಲಿ, ನೀವೂ ಬಂದು ನಮ್ಮ ವಿಮಾನ ನೋಡ್ಕೊಂಡು ಹೋಗಿ, ಬೇಜಾರಿಲ್ಲ."

ತಮಾಷೆಗೆ ಹೇಳಿದ ಮಾತು. ಧರ್ಮಪ್ಪನವರು ನಕ್ಕು ಫೋನಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ನನ್ನ ಮೊಣಕಾಲೂ ನೆಟ್ಟಗಿರುತ್ತಿತ್ತು. ಅವರು ಎದೆ ಸೆಟೆಸಿ ಹೇಳಿದರು: "ನಮ್ಮೂರಿಗೂ ಬರ್ತಿದೆ ಬೀಗ್ರೆ, ಬೇರೇದು. ಪೇಪರಿನವರಿಗೆ ಇನ್ನೂ ಗೊತ್ತಿಲ್ಲ."

ಫೋನಿಟ್ಟ ಮೇಲೆ ಅವರಿಗೇ ಗಾಬರಿಯಾಯಿತು. ಹೇಳಿಬಿಟ್ಟಾಗಿದೆ, ಇನ್ನು ತರಿಸಬೇಕು. ಸಂಜೆಯೊಳಗೆ ಮಾರಪ್ಪನ ಹೋಟೆಲಿನಲ್ಲಿ 'ಭದ್ರಾವತಿ ಪ್ರತ್ಯೇಕ ವಿಮಾನ ನಿಲ್ದಾಣ ಹೋರಾಟ ಸಮಿತಿ' ಹುಟ್ಟಿತು. ಅಧ್ಯಕ್ಷರು ಧರ್ಮಪ್ಪ. ಅಕ್ಷರ ದುಂಡಗಿದೆ ಎಂಬ ಅಪರಾಧಕ್ಕಾಗಿ ಕಾರ್ಯದರ್ಶಿ ನಾನು. ಖಜಾಂಚಿ ಸ್ಥಾನಕ್ಕೆ ಮಾರಪ್ಪ ತಾನಾಗಿಯೇ ನಿಂತ, ಯಾರೂ ಎದುರಾಡಲಿಲ್ಲ. ಕಾಫಿ ಅವನದೇ ಆಗಿತ್ತು.

ಮಾರನೆಯ ದಿನ ಓಣಿಯೆಲ್ಲ ಅದೇ ಮಾತು. ಹಿಂದಿನ ಬೀದಿಯ ಮುನಿಸ್ವಾಮಿ ಮೇಸ್ತ್ರಿ ಬಂದು, "ಸಾರ್, ವಿಮಾನ ನಮ್ಮ ಓಣಿ ಮೇಲಿಂದ ಪೋಗುತ್ತಾ? ನಮ್ಮ ಕೋಳಿ ಎಲ್ಲಾ ಬಯಂದು ಮೊಟ್ಟೆ ಇಡೋದೇ ನಿಲ್ಸಿಬಿಡುತ್ತೆ ಸಾರ್," ಎಂದು ಅರ್ಧ ತಮಿಳಿನಲ್ಲಿ ಅತ್ತುಕೊಂಡ. ಧರ್ಮಪ್ಪನವರ ಹೆಂಡತಿ ದುರ್ಗಮ್ಮ ಮಹಡಿಯ ಮೇಲೆ ಮದುವೆಯ ಹಪ್ಪಳ ಒಣಗಿಸುತ್ತಿದ್ದವರು ಅಲ್ಲಿಂದಲೇ ಕೂಗಿದರು.

"ರೀ, ನೀವು ಏನಾದ್ರೂ ಹಾರಿಸ್ಕೊಳಿ, ನನ್ನ ಹಪ್ಪಳದ ಮೇಲೆ ಮಾತ್ರ ಬೇಡ! ಮಗನ ಮದುವೆಗೆ ಚಪ್ಪರದ ಬಿದಿರು ಬಂದಿಲ್ಲ, ಇವರಿಗೆ ವಿಮಾನ ಬೇಕಂತೆ ವಿಮಾನ."

ರಂಗಪ್ಪನವರೂ ಸುಮ್ಮನೆ ಕೂರುವ ಆಸಾಮಿಯಲ್ಲ. ಬೀಗರ ಸಮಿತಿಯ ಸುದ್ದಿ ಕಿವಿಗೆ ಬಿದ್ದದ್ದೇ ತಾವೂ ದುರ್ಗಿಗುಡಿಯಲ್ಲಿ 'ಶಿವಮೊಗ್ಗ ಏಕೈಕ ವಿಮಾನ ನಿಲ್ದಾಣ ರಕ್ಷಣಾ ವೇದಿಕೆ' ಕಟ್ಟಿದರು. ಬರದೇ ಇರುವ ನಿಲ್ದಾಣವನ್ನು ಯಾರಿಂದ ರಕ್ಷಿಸುವುದು ಎಂದು ಕೇಳಿದವರಿಗೆ, "ನಮ್ಮ ಬೀಗರಿಂದ," ಎಂದರಂತೆ. ಆಮೇಲೆ ಮತ್ತೊಂದು ಫೋನು.

"ಬೀಗ್ರೆ, ನೀವು ಟೈಮ್ ಆಫೀಸಲ್ಲಿದ್ದೋರು. ನಿಮ್ಮ ಏರ್‌ಪೋರ್ಟಿಂದ ನಮ್ಮ ಏರ್‌ಪೋರ್ಟಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಅದೊಂದು ಹೇಳ್ಬಿಡಿ, ನಾನು ವೇದಿಕೆ ಮುಚ್ಚಿಬಿಡ್ತೀನಿ."

ಈ ಸವಾಲಿಗಾಗಿ ನಮ್ಮ ಶಾಲೆಯ ಜಿಲ್ಲಾ ನಕಾಶೆ ಗೋಡೆಯಿಂದಿಳಿದು ಮಾರಪ್ಪನ ಹೋಟೆಲಿನ ಮೇಜಿನ ಮೇಲೆ ಬಂತು. ಧರ್ಮಪ್ಪನವರು ಹೂ ಕಟ್ಟುವ ದಾರ ಹಿಡಿದು ಎರಡು ಊರಿನ ಮಧ್ಯೆ ಎಳೆದರು. ಅಳೆದು ನೋಡಿದರೆ ಹದಿನೈದೇ ಕಿಲೋಮೀಟರು. ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು.

"ನೋಡಿದ್ರಾ ಮೇಷ್ಟ್ರೇ ಮೋಸಾನ! ಇಷ್ಟು ವರ್ಷ ಬಸ್ಸಿನವರು ನಮ್ಮನ್ನ ಸುತ್ತಿಸಿ ಸುತ್ತಿಸಿ ಕರ್ಕೊಂಡು ಹೋಗಿದಾರೆ," ಎಂದು ಕೂಗಿದರು. ರಸ್ತೆಯೆಂದ ಮೇಲೆ ತಿರುವು ಇರುತ್ತದೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಇನ್ನು ವಿಮಾನದ ವೇಗ. ಅದನ್ನು ಕಂಡವರು ಯಾರೂ ಇಲ್ಲದ್ದರಿಂದ ಏಳನೇ ತರಗತಿಯ ಲೆಕ್ಕದ ಪುಸ್ತಕ ತೆಗೆದೆವು. ಅದರಲ್ಲಿ ಒಂದು ವಿಮಾನ ಗಂಟೆಗೆ ಆರುನೂರು ಕಿಲೋಮೀಟರಿನಂತೆ ಹಾರುತ್ತಿತ್ತು. ಭಾಗಿಸಿದೆವು. ಒಂದೂವರೆ ನಿಮಿಷ.

ಮೊದಲು ಬಾಯಿ ಬಿಟ್ಟವನು ಮಾರಪ್ಪ. "ಒಂದೂವರೆ ನಿಮಿಷ ಅಂದ್ರೆ ತಿಂಡಿ ಕೊಡೋದು ಹೆಂಗೆ ಧರ್ಮಪ್ನೋರೆ? ನಾನು ವಿಮಾನದ ಕ್ಯಾಂಟೀನ್ ನಂಗೇ ಸಿಗುತ್ತೆ ಅಂತಿದ್ದೆ. ದೋಸೆ ಹೊಯ್ದು ತಿರುವಿ ಹಾಕೋದ್ರೊಳಗೆ ಶಿವಮೊಗ್ಗ ಬಂದ್ಬಿಡುತ್ತಲ್ಲ ಮಾರಾಯ್ರೆ!"

"ಇಡ್ಲಿ ಇಡು," ಎಂದರು ಅಧ್ಯಕ್ಷರು.

"ಇಡ್ಲಿ ಸರಿ. ಚಟ್ನಿ ಬಡಿಸೋಕೆ ಹೊತ್ತಿಲ್ಲ."

ಟವೆಲು ಹಾಕಿ ಕಿಟಕಿ ಸೀಟು ಹಿಡಿದವನಿಗೂ, ಟವೆಲು ಕಿತ್ತೆಸೆದು ಕೂತವನಿಗೂ ಜಗಳ ಹತ್ತಿದರೆ ಅದು ಮುಗಿಯುವುದು ಯಾವ ಊರಿನಲ್ಲಿ ಎಂದು ಇನ್ನೊಬ್ಬರು ಕೇಳಿದರು. ವಿಮಾನ ಮೇಲೇರಲು ಬೇಕಾದ ಜಾಗದಲ್ಲೇ ಶಿವಮೊಗ್ಗ ಬಂದುಬಿಟ್ಟರೆ ಇಳಿಯುವುದು ಹೊನ್ನಾಳಿಯಲ್ಲೋ ಇನ್ನೆಲ್ಲೋ, ಅಲ್ಲಿಂದ ವಾಪಸು ಬರಲು ಬಸ್ಸಿದೆಯೋ ಎಂಬುದರ ಬಗ್ಗೆಯೂ ಗಂಭೀರವಾದ ಚರ್ಚೆ ನಡೆಯಿತು. ಆದರೆ ಧರ್ಮಪ್ಪನವರಿಗೆ ಒಂದೂವರೆ ನಿಮಿಷ ಎಂಬುದು ತಲೆಗೇರಿಬಿಟ್ಟಿತ್ತು. ಮಗನಿಗೆ ಪಂಚೆ ಕೊಳ್ಳಲು ಹೋದ ಅಂಗಡಿಯಲ್ಲೂ ಅದನ್ನೇ ಹೇಳಿ ಬಂದರು.

ಅಷ್ಟರಲ್ಲಿ ಜನರ ಅಭಿಪ್ರಾಯ ಕೇಳಲು ಬೆಂಗಳೂರಿನಿಂದ ಭವಾನಿ ಎಂಬ ಅಧಿಕಾರಿಣಿ ಶಿವಮೊಗ್ಗಕ್ಕೆ ಬಂದರು. ಸಭೆಗೆ ನಾವೂ ಹೋದೆವು. ಬಸ್ಸಿನಲ್ಲೇ ಹೋದೆವು, ಬೇರೆ ದಾರಿ ಇರಲಿಲ್ಲ. ಆ ಕಡೆ ಮೊದಲ ಸಾಲಿನಲ್ಲಿ ರಂಗಪ್ಪನವರು ಹೊಸ ಶಾಲು ಹೊದ್ದು ಕೂತಿದ್ದರು. ಈ ಕಡೆ ಮೊದಲ ಸಾಲಿನಲ್ಲಿ ನಾವು.

ಭವಾನಿ ಮೇಡಂ ನಮ್ಮ ಮನವಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಧರ್ಮಪ್ಪನವರೇ, ಎರಡು ನಿಲ್ದಾಣಗಳ ನಡುವಿನ ಪ್ರಯಾಣದ ಅವಧಿ ಒಂದೂವರೆ ನಿಮಿಷ ಅಂತ ಬರೆದಿದ್ದೀರಿ."

"ಹೌದು ಮೇಡಂ. ಗಾಳಿ ಎದುರಿದ್ರೆ ಎರಡು."

"ರನ್‌ವೇನೇ ಸ್ವಲ್ಪ ಉದ್ದ ಮಾಡಿ ಎರಡನ್ನೂ ಸೇರಿಸಿಬಿಟ್ಟರೆ ವಿಮಾನ ಹಾರೋ ತೊಂದರೆಯೇ ಇರಲ್ವಲ್ಲ?"

ಸಭೆ ನಕ್ಕಿತು. ಧರ್ಮಪ್ಪನವರು ಅದನ್ನು ಸಲಹೆ ಎಂದು ತಿಳಿದು ನನ್ನತ್ತ ತಿರುಗಿ ಬರೆದುಕೊಳ್ಳುವಂತೆ ಸನ್ನೆ ಮಾಡಿದರು.

"ಆಗಲಿ. ಭದ್ರಾವತಿಯಲ್ಲಿ ವಿಮಾನ ಹತ್ತಿ ಶಿವಮೊಗ್ಗದಲ್ಲಿ ಇಳಿಯೋರು ಯಾರಿದ್ದಾರೆ? ಒಬ್ಬರ ಹೆಸರು ಹೇಳಿ."

ಧರ್ಮಪ್ಪನವರು ಹಿಂದೆ ನೋಡಿದರು, ಮುಂದೆ ನೋಡಿದರು. ಮಾರಪ್ಪ ತಲೆ ತಗ್ಗಿಸಿದ. ಕೊನೆಗೆ ಅವರ ಬಾಯಿಂದ ಬಂದದ್ದು: "ನನ್ನ ಮಗನ ದಿಬ್ಬಣ ಮೇಡಂ!"

ಈ ಸಲ ಸಭೆ ನಕ್ಕದ್ದಕ್ಕೆ ಮಿತಿಯಿರಲಿಲ್ಲ. ರಂಗಪ್ಪನವರು ಎದ್ದು ನಿಂತು ಶಾಲು ಸರಿಮಾಡಿಕೊಂಡರು. "ಮೇಡಂ, ಆ ದಿಬ್ಬಣ ಬರೋದು ನಮ್ಮ ಮನೆಗೆ. ಬೀಗ್ರೆ, ಈಗಿನವರ ಥರ ಛತ್ರದ ಬಾಗಿಲಲ್ಲಿ ಆರತಿ ಎತ್ತಿ ಕೈ ತೊಳ್ಕೊಳಲ್ಲ ನಾವು. ಹಿಂದಿನೋರ ಹಾಗೆ ನಮ್ಮೂರ ಗಡಿಗೇ ಬಂದು, ಓಲಗ ಊದ್ಸಿ, ಪಾನಕ ಕೊಟ್ಟು ಎದುರುಗೊಳ್ತೀವಿ. ಗಡಿ ಯಾವುದು ಗೊತ್ತಾ? ಏರ್‌ಪೋರ್ಟ್ ಬಯಲಿನ ಆಚೆ ತುದಿ, ನಿಮ್ಮೂರ ಕಡೇದು. ಬಯಲಷ್ಟೂ ಶಿವಮೊಗ್ಗ!"

ನಿಲ್ದಾಣಕ್ಕೆಂದು ಆಗ ನೋಡುತ್ತಿದ್ದದ್ದು ಎರಡೂ ಊರಿನ ನಡುವೆ ರಸ್ತೆಗೆ ತಾಗಿದ್ದ ಒಂದು ಉದ್ದದ ಬಯಲು. ದನ ಮೇಯುವುದು ಬಿಟ್ಟರೆ ಅಲ್ಲಿ ಬೇರೇನೂ ನಡೆಯುತ್ತಿರಲಿಲ್ಲ.

"ಬಯಲಷ್ಟೂ ಭದ್ರಾವತಿ!" ಎಂದು ಧರ್ಮಪ್ಪನವರೂ ಎದ್ದರು. "ನಮ್ಮ ದಿಬ್ಬಣ ಬಯಲು ದಾಟಿ ಆ ತುದೀಲಿ, ನಿಮ್ಮೂರ ಕಡೆ ನಿಲ್ಲುತ್ತೆ. ಅಲ್ಲಿಗೆ ಬಂದು ಎದುರುಗೊಳ್ಳಿ. ಅದಕ್ಕಿಂತ ಈಚೆ ಒಂದು ತೊಟ್ಟು ನೀರು ಮುಟ್ಟಲ್ಲ ನಾವು."

ಭವಾನಿ ಮೇಡಂ ಇಬ್ಬರಿಗೂ ಮದುವೆಯ ಶುಭಾಶಯ ಹೇಳಿ ಸಭೆ ಮುಗಿಸಿದರು. ಹೋಗುವಾಗ ಅವರು ಹುಡುಗಿಯ ಹೆಸರು ಕೇಳಿ, "ಪಾಪ," ಎಂದದ್ದು ನನ್ನ ಕಿವಿಗೆ ಬಿತ್ತು.

ಇಂಥ ಮಾತುಗಳನ್ನು ಸಭೆಯಲ್ಲಿ ಆಡಿ ಮನೆಯಲ್ಲಿ ಮರೆಯುವುದು ವಾಡಿಕೆ. ಈ ಇಬ್ಬರು ಮರೆಯಲಿಲ್ಲ. ಮದುವೆಯ ದಿನ ಬೆಳಿಗ್ಗೆ ದಿಬ್ಬಣದ ಬಸ್ಸು ಹೊರಟಾಗ ಧರ್ಮಪ್ಪನವರು ಡ್ರೈವರಿನ ಪಕ್ಕದ ಸೀಟು ಹಿಡಿದರು. ಬಾಸಿಂಗ ಕಟ್ಟಿಕೊಂಡ ಭೀಮೇಶ ಮೂರನೇ ಸಾಲಿನಲ್ಲಿ ಬೆವರುತ್ತಿದ್ದ. ಬಯಲಿನ ಈಚೆ ತುದಿ ಬರುತ್ತಿದ್ದಂತೆ ಓಲಗ ಕೇಳಿಸಿತು. ರಸ್ತೆಯ ಪಕ್ಕ ಹೂವಿನ ಅಲಂಕಾರದ ಟೆಂಪೋ. ರಂಗಪ್ಪನವರ ಹೆಂಡತಿ ಶೇಷಮ್ಮ ಕಳಶ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಬಿಳಿ ಪೇಟ ಸುತ್ತಿದ ರಂಗಪ್ಪನವರು ಬೆಳ್ಳಿ ಚೊಂಬಿನಲ್ಲಿ ಪಾನಕ ಹಿಡಿದು, ಮುಖದ ತುಂಬ ನಗು ಹೊತ್ತು, ರಸ್ತೆಗೆ ಎರಡು ಹೆಜ್ಜೆ ಮುಂದೆ ಬಂದರು. ಡ್ರೈವರು ಬ್ರೇಕಿನ ಮೇಲೆ ಕಾಲಿಟ್ಟ.

"ನಿಲ್ಲಿಸ್ಬೇಡ!" ಎಂದು ಕೂಗಿದರು ಧರ್ಮಪ್ಪ. "ಇದಿನ್ನೂ ನಮ್ಮೂರು! ನಮ್ಮೂರಲ್ಲೇ ನಮ್ಮನ್ನ ಎದುರುಗೊಳ್ಳೋಕೆ ಇವರ್ಯಾರು? ಒತ್ತು, ಒತ್ತು!"

ಬಸ್ಸು ಹೋಗಿಯೇ ಬಿಟ್ಟಿತು. ಕಿಟಕಿಯಿಂದ ನಾನು ನೋಡಿದೆ. ಓಲಗದವನು ಊದುತ್ತಿದ್ದದ್ದನ್ನು ಅರ್ಧಕ್ಕೇ ನಿಲ್ಲಿಸಿದ. ರಂಗಪ್ಪನವರ ಕೈ ಚೊಂಬಿನ ಸಮೇತ ಮುಂದಕ್ಕೆ ಚಾಚಿದ್ದು ಚಾಚಿದ ಹಾಗೇ ಇತ್ತು. ನಮ್ಮ ಬಸ್ಸಿನ ಧೂಳು ಅದರೊಳಗೆ ಬಿದ್ದಿರಬೇಕು.

ಬಯಲಿನ ಆಚೆ ತುದಿಯಲ್ಲಿ ಬಸ್ಸು ನಿಂತಿತು. ಧರ್ಮಪ್ಪನವರು ಇಳಿದರು, ಕಾರ್ಯದರ್ಶಿ ಎಂದು ನನ್ನನ್ನೂ ಇಳಿಸಿದರು. ಎದುರುಗೊಳ್ಳಲು ಅಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಭೀಮೇಶನ ಮೊಬೈಲು ಬಡಿದುಕೊಂಡಿತು. ಅವನು ಕಿಟಕಿಯಿಂದಲೇ ಅಪ್ಪನ ಕೈಗೆ ಕೊಟ್ಟ.

"ಬೀಗ್ರೆ," ರಂಗಪ್ಪನವರ ದನಿ ನಮಗೆಲ್ಲ ಕೇಳುವಷ್ಟು ಜೋರಿತ್ತು. "ಗಡಿ ದಾಟಿ ಕಳ್ಳರ ಹಾಗೆ ನಮ್ಮೂರೊಳಗೆ ನುಗ್ಗಿದೀರಿ. ಮರ್ಯಾದೆಯಾಗಿ ವಾಪಸ್ ಬನ್ನಿ, ಪಾನಕ ಕುಡೀರಿ, ಆಮೇಲೆ ಒಳಗೆ ಬನ್ನಿ."

"ನಾವು ನಮ್ಮೂರಲ್ಲೇ ಇದೀವಿ ಬೀಗ್ರೆ. ನಿಮ್ಮೂರ ಬಾಗಿಲಲ್ಲಿ ನಿಂತಿದೀವಿ, ನೀವೇ ಪತ್ತೆ ಇಲ್ಲ. ಈ ಕಡೆ ಬನ್ನಿ."

"ನಾನು ಬರಲ್ಲ!"

"ನಾನೂ ಬರಲ್ಲ!"

ಹೀಗೆ ಹೆಣ್ಣಿನ ಕಡೆಯವರು ಗಂಡಿನ ಊರಿನ ಕಡೆಗೂ, ಗಂಡಿನ ಕಡೆಯವರು ಹೆಣ್ಣಿನ ಊರಿನ ಕಡೆಗೂ ನಿಂತು, ನಡುವೆ ಒಂದು ಬಯಲು ಖಾಲಿ ಬಿದ್ದಿತ್ತು. ಬಿಸಿಲು ಏರುತ್ತಿತ್ತು. ಹತ್ತೂವರೆಗೆ ಧಾರೆ ಮುಹೂರ್ತ. ಜೀವಮಾನವಿಡೀ ಪರರ ಒಂದೊಂದು ನಿಮಿಷಕ್ಕೂ ಕಣ್ಣಿಟ್ಟಿದ್ದ ಧರ್ಮಪ್ಪನವರು ತಮ್ಮ ಕೈಗಡಿಯಾರದ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ಮಾರಪ್ಪ ಬೀಗಿತ್ತಿಯರಿಗೆಂದು ತಂದಿದ್ದ ಚಕ್ಕುಲಿಯ ಡಬ್ಬ ಖಾಲಿಯಾಯಿತು.

ಕೊನೆಗೆ ದುರ್ಗಮ್ಮ ಇಳಿದು ಬಂದು ಗಂಡನ ಕೈಯಿಂದ ಮೊಬೈಲು ಕಿತ್ತುಕೊಂಡರು. "ಹಲೋ, ರಂಗಪ್ಪಣ್ಣ, ಫೋನು ಶೇಷಕ್ಕನ ಕೈಗೆ ಕೊಡಿ. ಶೇಷಕ್ಕಾ, ಮುಹೂರ್ತ ನಮ್ಮ ಮಕ್ಕಳದ್ದೋ ಇವರಿಬ್ಬರದ್ದೋ? ಹಾಂ. ನೀವು ಟೆಂಪೋ ಹತ್ತಿ, ನಾವು ಬಸ್ಸು ಹತ್ತುತೀವಿ. ಇವರಿಬ್ಬರನ್ನೂ ಇಲ್ಲೇ ಬಿಟ್ಟು ಹೋಗಣ. ಏರ್‌ಪೋರ್ಟ್ ಜಾಗ ಅಲ್ವಾ, ವಿಮಾನ ಬಂದಾಗ ಬರ್ತಾರೆ."

ಸೀರೆಯ ನೆರಿಗೆ ಎತ್ತಿ ಹಿಡಿದು ಅವರು ಹತ್ತಿದ್ದಷ್ಟೇ, ಬಸ್ಸು ಹೊರಟಿತು. ಧರ್ಮಪ್ಪನವರಿಗೆ ಬುದ್ಧಿ ಬರುವಷ್ಟರಲ್ಲಿ ಅದು ತಿರುವಿನಲ್ಲಿತ್ತು. ಸ್ವಲ್ಪ ಹೊತ್ತಿಗೆ ಹೂವಿನ ಟೆಂಪೋ ಕೂಡ ನಮ್ಮೆದುರೇ ಹಾದು ಹೋಯಿತು. ಓಲಗದವನು ನಮ್ಮನ್ನು ನೋಡಿ ಒಂದು ಸಲ ಪೀಂ ಎನ್ನಿಸಿದ.

"ಮೇಷ್ಟ್ರೇ, ಈಗ?" ಎಂದರು ಧರ್ಮಪ್ಪ. ಆಗ ನನಗೆ ಬಂದ ಕೋಪಕ್ಕೆ ರಾಜೀನಾಮೆಯನ್ನು ಅಲ್ಲೇ ಕೊಟ್ಟುಬಿಡುತ್ತಿದ್ದೆ, ಕಾಗದವಿರಲಿಲ್ಲ.

ಬಯಲಿನ ಆ ಕೊನೆಯಿಂದ ಬಿಳಿ ಪೇಟವೊಂದು ಕುಲುಕುತ್ತಾ ಬರುತ್ತಿತ್ತು. ರಸ್ತೆ ಸುತ್ತು ಎಂದು ನೇರ ಬಯಲಿಗೇ ಬಿದ್ದಿದ್ದರು ರಂಗಪ್ಪನವರು. ನಾವೂ ನಡೆದೆವು. ಮುಳ್ಳಿನ ಪೊದೆ, ಹಳ್ಳ, ಸಗಣಿ ಎಲ್ಲ ದಾಟಿ, ನನ್ನ ಮೊಣಕಾಲು ಒಂದು ಗುಂಡಿಯಲ್ಲಿ ಹೊರಳಿ, ಕಡೆಗೂ ಸರಿಸುಮಾರು ಮಧ್ಯದಲ್ಲಿ ಮೂವರೂ ಸೇರಿದೆವು. ಧರ್ಮಪ್ಪನವರು ಜಗಳಕ್ಕೆ ಬಾಯಿ ತೆರೆದರು. ಆದರೆ ರಂಗಪ್ಪನವರ ಮುಖ ನೋಡಿ ಹಾಗೇ ಮುಚ್ಚಿದರು.

"ಬೀಗ್ರೆ," ಎಂದು ರಂಗಪ್ಪನವರು ಏದುಸಿರು ಬಿಟ್ಟರು. "ಧಾರೆ ಎರೀಬೇಕಾದೋನು ನಾನು. ಒಬ್ಬಳೇ ಮಗಳು ರೀ. ಅವಳ ಧಾರೆ ಹೊತ್ತಿಗೆ ನಾನು ದನ ಮೇಯೋ ಜಾಗದಲ್ಲಿ ನಿಂತಿದೀನಿ. ಅವಳ ಚಿಕ್ಕಪ್ಪನ ಕೈಲಿ ಮಾಡಿಸ್ಬಿಡ್ತಾರೆ ಈಗ." ನೆಲದ ಮೇಲೇ ಕೂತುಬಿಟ್ಟರು. ಚೊಂಬಿನಲ್ಲಿದ್ದ ಪಾನಕ ಅರ್ಧ ಚೆಲ್ಲಿತು.

ಧರ್ಮಪ್ಪನವರು ನಿಜವಾಗಿ ಹೆದರಿದ್ದನ್ನು ಅವತ್ತೇ ನಾನು ಕಂಡದ್ದು. ಅವರಿಗೆ ನಾಚಿಕೆಯಾಗಿತ್ತು, ನನಗೂ ಆಗಿತ್ತು. ಅವರು ಬಗ್ಗಿ ಆ ಚೊಂಬು ತೆಗೆದುಕೊಂಡು ಉಳಿದ ಪಾನಕವನ್ನು ಧೂಳಿನ ಸಮೇತ ಗಟಗಟ ಕುಡಿದರು. "ಎದುರುಗೊಂಡಾಯ್ತು ಬೀಗ್ರೆ. ಏಳಿ. ಓಡಣ."

ರಸ್ತೆಗೆ ಬಂದರೆ, ಲಗ್ನದ ದಿನವಾದ್ದರಿಂದ ಬಸ್ಸುಗಳೆಲ್ಲ ಬಾಗಿಲಲ್ಲೇ ಜನ ನೇತಾಡಿಸಿಕೊಂಡು ಹೋಗುತ್ತಿದ್ದವು, ಒಂದೂ ನಿಲ್ಲಲಿಲ್ಲ. ಕೈ ಅಡ್ಡ ಹಿಡಿದ ಧರ್ಮಪ್ಪನವರ ಎದುರು ಕಡೆಗೆ ನಿಂತದ್ದು ಕೊಟ್ಟಿಗೆ ಗೊಬ್ಬರ ತುಂಬಿದ ಒಂದು ಟ್ರ್ಯಾಕ್ಟರು. ಎರಡು ಹೋರಾಟ ಸಮಿತಿಗಳ ಅಧ್ಯಕ್ಷರೂ ಒಬ್ಬ ಕಾರ್ಯದರ್ಶಿಯೂ ಆ ಗೊಬ್ಬರದ ಮೇಲೆ ಕೂತು ಶಿವಮೊಗ್ಗ ಪ್ರವೇಶ ಮಾಡಿದೆವು. ಅದರ ವೇಗವನ್ನು ಲೆಕ್ಕದ ಪುಸ್ತಕದಲ್ಲಿ ಯಾರೂ ಹಾಕುವುದಿಲ್ಲ. ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದಾಗ ರಂಗಪ್ಪನವರು ಬಿಕ್ಕಿದರು.

ಛತ್ರದಲ್ಲಿ ಗದ್ದಲ. ಪುರೋಹಿತರು ಗಡಿಯಾರ ನೋಡುತ್ತಾ ಮಂತ್ರವನ್ನು ಎಳೆಯುವಷ್ಟು ಎಳೆದು, ಇನ್ನು ಎಳೆಯಲು ಮಂತ್ರವೇ ಇಲ್ಲದೆ ಕೂತಿದ್ದರು. ಚಿಕ್ಕಪ್ಪನನ್ನು ಮಣೆಯ ಮೇಲೆ ಕೂರಿಸಿ ಆಗಿತ್ತು. ಏಳದೇ ಇದ್ದವಳು ಕವನ.

"ಮುಹೂರ್ತ ಮೀರುತ್ತೆ ಕಣೇ," ಎಂದು ಶೇಷಮ್ಮ ಅಳುತ್ತಿದ್ದರು.

"ಮೀರಿದ್ರೆ ಮೀರ್ಲಿ. ನಮ್ಮಪ್ಪ ಬರ್ದೆ ನಾನು ಹಸೆಮಣೆ ಹತ್ತಲ್ಲ. ಭೀಮೇಶವ್ರನ್ನ ಕೇಳಿದೀನಿ, ಕಾಯ್ತೀನಿ ಅಂದಿದಾರೆ."

ಬಾಗಿಲಲ್ಲಿ ಗೊಬ್ಬರದ ವಾಸನೆ ಬಂದು ಜನ ದಾರಿ ಬಿಟ್ಟರು. ಮಗಳು ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಪೇಟ ಇರಲಿಲ್ಲ, ಪಂಚೆಯ ತುಂಬ ಮುಳ್ಳು. ಬೈಯುತ್ತಾಳೆ ಎಂದುಕೊಂಡೆವು. ಅವಳು ಎದ್ದು ಬಂದು ಅಪ್ಪನ ಪಂಚೆಯ ಮುಳ್ಳು ಕೀಳತೊಡಗಿದಳು. ದುರ್ಗಮ್ಮ ಮಾತ್ರ ಗಂಡನನ್ನು ಕೈಬಾಯಿ ತೊಳೆಯುವ ನಲ್ಲಿಯ ಬಳಿಗೆ ಅಟ್ಟಿದರು. ಮುಹೂರ್ತದ ಬಾಲ ಹಿಡಿದು ಧಾರೆ ಆಯಿತು, ರಂಗಪ್ಪನವರ ಕೈಯಿಂದಲೇ ಆಯಿತು.

ಊಟವಾಗಿ ಸಂಜೆ ಹೆಣ್ಣೊಪ್ಪಿಸುವ ಹೊತ್ತು. ಕವನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ರಂಗಪ್ಪನವರು ಕಿಟಕಿಯ ಸರಳು ಹಿಡಿದು ಹೋ ಎಂದು ಅತ್ತರು. "ಇಷ್ಟು ದೂರ ಕೊಟ್ಬಿಟ್ಟೆನಲ್ಲ ನನ್ನ ಮಗಳನ್ನ! ಇಷ್ಟು ದೂರ ಕೊಟ್ಬಿಟ್ಟೆನಲ್ಲ!" ನಿನ್ನೆಯವರೆಗೂ ಭದ್ರಾವತಿ ಎಷ್ಟು ಹತ್ತಿರವೆಂದರೆ ಅದಕ್ಕೆ ಬೇರೆ ನಿಲ್ದಾಣವೇ ಬೇಡ ಎಂದು ವೇದಿಕೆಯನ್ನೇ ಕಟ್ಟಿಕೊಂಡಿದ್ದ ಮನುಷ್ಯ. ಯಾರಿಗೂ ನಗಲು ಮನಸ್ಸು ಬರಲಿಲ್ಲ.

ಧರ್ಮಪ್ಪನವರು ಬಸ್ಸಿನಿಂದಿಳಿದು ಬೀಗರ ತೋಳು ಹಿಡಿದರು. "ಹತ್ತಿ ಬೀಗ್ರೆ. ನೀವೇ ಬಂದು ಬಿಟ್ಟು ಹೋಗಿ."

"ಹೆಣ್ಣಿನ ತಂದೆ ಅವತ್ತೇ ಹೋಗೋ ಪದ್ಧತಿ ಇಲ್ಲ."

"ಬೆಳಿಗ್ಗೆಯಿಂದ ನಾವಿಬ್ರೂ ಯಾವ ಪದ್ಧತಿ ಉಳಿಸಿದೀವಿ? ಹತ್ತಿ."

ಮಗಳ ಪಕ್ಕದಲ್ಲಿದ್ದ ಭೀಮೇಶ ಎದ್ದು ಜಾಗ ಬಿಟ್ಟುಕೊಟ್ಟ. ರಂಗಪ್ಪನವರು ಕೂತು ಅವಳ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. ಬಸ್ಸು ಊರು ಬಿಟ್ಟು ದೊಡ್ಡ ರಸ್ತೆಗೆ ಬಂದದ್ದೇ ಡ್ರೈವರು ಜೋರು ಮಾಡಿದ.

"ಡ್ರೈವರೇ," ಎಂದು ರಂಗಪ್ಪನವರು ಮೆಲ್ಲಗೆ ಕರೆದರು. "ಒಂಚೂರು ನಿಧಾನಕ್ಕೆ ಓಡ್ಸಿ ಮಾರಾಯ್ರೆ."

ಡ್ರೈವರು ತಿರುಗಿ ಧರ್ಮಪ್ಪನವರ ಮುಖ ನೋಡಿದ. ಬೆಳಿಗ್ಗೆ ಒತ್ತು ಒತ್ತು ಎಂದು ಕೂಗಿದವರು ಅವರೇ ತಾನೆ. ಧರ್ಮಪ್ಪನವರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, "ಇನ್ನೂ ನಿಧಾನಕ್ಕೆ ಹೋಗಪ್ಪ," ಎಂದರು.